ಹೆಸರಿನ ಮೇಲೆ ಬೆರಳಿಟ್ಟು ಮಾತಾಡುವ ಗುರುಶಾಂತವ್ವ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಆರೋಗ್ಯ ಸೇವೆಯ ಚರಿತ್ರೆಯನ್ನು ನಾಳೆ ಯಾರಾದರೂ ಬರೆಯಲು ಕುಳಿತರೆ ದೊಡ್ಡ ಆಸ್ಪತ್ರೆಗಳಿಗೂ ದೊಡ್ಡ ಡಾಕ್ಟರುಗಳಿಗೂ ಒಂದೊಂದು ಅಧ್ಯಾಯ ಸಿಗುವುದು ಖಂಡಿತ. ಸಿಗಲಿ, ಯಾರಿಗೂ ಹೊಟ್ಟೆಕಿಚ್ಚಿಲ್ಲ. ಆದರೆ ಲಸಿಕೆಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು, ಬಸ್ಸು ಹೋಗದ ಕಡೆಗೆ ಕಾಲುದಾರಿಯಲ್ಲೂ ಕಾಲುದಾರಿ ಮುಗಿದ ಕಡೆಗೆ ಹಳ್ಳದ ನೀರಿನಲ್ಲೂ ನಡೆದು ಹೋದ ಕಿರಿಯ ಆರೋಗ್ಯ ಸಹಾಯಕಿಯರ ಹೆಸರು ಬಿಟ್ಟುಹೋದರೆ ಆ ಪುಸ್ತಕವನ್ನು ಮೂರು ತಾಲೂಕಿನ ತಾಯಂದಿರು ಒಪ್ಪುವುದಿಲ್ಲ. ಆ ಹೆಸರುಗಳಲ್ಲಿ ಮೊದಲು ಬರಬೇಕಾದದ್ದು, ಈ ವರ್ಷ, ಅಂದರೆ ೨೦೦೭ರ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ಗುರುಶಾಂತವ್ವನವರದು.

ಈ ಅಭಿನಂದನ ಗ್ರಂಥಕ್ಕೆ ಅವರ ಹಳೆಯ ಫೋಟೋ ಹುಡುಕಿದ ಸಂಪಾದಕರ ಪಾಡು ಮಾತ್ರ ಯಾರಿಗೂ ಬೇಡ. ಹತ್ತು ವರ್ಷಗಳ ಗುಂಪು ಚಿತ್ರಗಳನ್ನು ಒಟ್ಟುಮಾಡಿದರೆ ಸಿಕ್ಕಿದ್ದಿಷ್ಟು: ಒಂದರಲ್ಲಿ ಅವರ ಕೊಡೆ, ಒಂದರಲ್ಲಿ ಅರ್ಧ ಕಿವಿ, ಇನ್ನೊಂದರಲ್ಲಿ ಪಕ್ಕದವರ ಬೆನ್ನ ಹಿಂದಿನಿಂದ ಇಣುಕುತ್ತಿರುವ ಹಸಿರು ಸೆರಗು. ಎದುರಿಗೆ ಸಿಕ್ಕವರನ್ನು ಮಾತಾಡಿಸದೆ ಬಿಟ್ಟವರಲ್ಲ ಈ ಮಹಾತಾಯಿ! ಅಂಥವರು ಕ್ಯಾಮೆರಾ ಕಂಡರೆ ಕಂಬದ ಮರೆ ಹುಡುಕುತ್ತಿದ್ದರು. ಅದಕ್ಕೆ ಕಾರಣವಿತ್ತು, ಆ ಹೆದರಿಕೆ ಹೋದದ್ದಕ್ಕೂ ಕಾರಣವಿತ್ತು. ಅವರ ಸೇವೆಯನ್ನು ಹೇಳುವುದೆಂದರೆ ಅದನ್ನೇ ಹೇಳಬೇಕು.

ಹಾವೇರಿಯ ಕಡೆಯ ಹಳ್ಳಿಯಿಂದ ಬಂದ ಗುರುಶಾಂತವ್ವ ೧೯೯೧ರಲ್ಲಿ ಯಲ್ಲಾಪುರ ತಾಲೂಕಿನ ಮಂಚಿಕೇರಿಗೆ ವರ್ಗವಾಗಿ ಬಂದಾಗ, ಅವರ 'ಬರ್ರಿ, ಕುಂದರ್ರಿ' ಕೇಳಿ ಊರಿನ ಹೆಂಗಸರು ಒಳಗೊಳಗೇ ನಕ್ಕರು, 'ಎಂತ ಆತೆ?' ಎಂಬ ಊರಿನ ಮಾತಿಗೆ ಅವರೂ ಕಣ್ಣು ಕಣ್ಣು ಬಿಟ್ಟರು. ಒಂದೇ ವರ್ಷದಲ್ಲಿ ಎರಡು ಕಡೆಯ ನಗುವೂ ಒಂದಾಯಿತು. ಅವರ ಕೆಲಸದ ಕ್ರಮವೇ ಬೇರೆ. ಕೈಯಲ್ಲಿ ಸದಾ ಒಂದು ಕೆಂಪು ರಟ್ಟಿನ ಪುಸ್ತಕ. ಮನೆ ಹೊಕ್ಕವರೇ, ಕೊಟ್ಟ ಬೆಲ್ಲ ನೀರು ಕುಡಿದು, ಪುಸ್ತಕದಲ್ಲಿ ಆ ಮನೆಯ ಪುಟ ತೆಗೆದು, ಯಾರ ಬಗ್ಗೆ ಹೇಳಬೇಕೋ ಅವರ ಹೆಸರಿನ ಮೇಲೆ ಬೆರಳಿಟ್ಟು, ಆಮೇಲೆಯೇ ಮಾತು. ಹತ್ತು ಜನ ಸೇರಿದ್ದರೂ ಹತ್ತು ಸಲ ಬೆರಳು ಸರಿಯುತ್ತಿತ್ತು, ಹತ್ತು ಸಲ ಬೇರೆ ಬೇರೆ ಮಾತು ಹೊರಡುತ್ತಿತ್ತು. 'ಎಲ್ಲಾರಿಗೂ ಹೇಳಿದ್ರ ಯಾರಿಗೂ ಹೇಳಿಧಂಗ ಆಗಂಗಿಲ್ಲ' ಎನ್ನುವುದು ಅವರ ವಾದ. ಮನೆಯವರ ಹೆಸರಿನ ಕೆಳಗೆ ಆ ಮನೆಯ ನಾಯಿಯ ಹೆಸರನ್ನೂ ಬರೆದಿಟ್ಟುಕೊಳ್ಳುತ್ತಿದ್ದರು. ಬೇಲಿಯ ದಣಪೆ ದಾಟುವ ಮೊದಲು ಹೆಸರು ಹಿಡಿದು ಕರೆದರೆ ನಾಯಿಯೂ ಬಾಲ ಆಡಿಸುತ್ತಿತ್ತು.

ಮಂಚಿಕೇರಿಯ ಹತ್ತಿರದ ಗಂಗೆ ಎಂಬ ಬಾಣಂತಿಗೆ ಜ್ವರ ಇಳಿಯದಿದ್ದಾಗ, ಸ್ವಂತ ತಂಗಿಯ ಮಗಳ ಮದುವೆಗೆಂದು ಪಡೆದ ಮೂರು ದಿನದ ರಜೆಯನ್ನು ಇವರು ಆಕೆಯ ಮಂಚದ ಪಕ್ಕದಲ್ಲೇ ಕಳೆದರು. ಆಕೆಯ ಆ ಮಗು ಈಗ ಶಿರಸಿಯಲ್ಲಿ ಹೈಸ್ಕೂಲು ಓದುತ್ತಿದೆ. ಮದುವೆಗೆ ಬರಲಿಲ್ಲವೆಂದು ತಂಗಿ ಮಾತ್ರ ಎರಡು ವರ್ಷ ಮಾತು ಬಿಟ್ಟಿದ್ದರಂತೆ.

ಇಂಥವರ ಬಾಯಿ ಕಟ್ಟಿದ್ದು ೧೯೯೪ರಲ್ಲಿ. ತಾಯಿ–ಮಗುವಿನ ಆರೈಕೆಯ ಬಗ್ಗೆ ಚಿತ್ರ ತೆಗೆಯಲು ಹೊರಗಿನಿಂದ ಒಂದು ತಂಡ ಬಂತು. ಗುರುಶಾಂತವ್ವ ಹೇಳಬೇಕಾದದ್ದು ನಾಲ್ಕೇ ವಾಕ್ಯ, ಅದರಲ್ಲಿ ಮೊದಲನೆಯದು ತಮ್ಮ ಹೆಸರು. ಕೆಂಪು ಪುಸ್ತಕ ಚಿತ್ರದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ತಂಡದವರು ಅದನ್ನು ತೆಗೆದಿರಿಸಿ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳಲು ಹೇಳಿ, 'ಎಲ್ಲ ವೀಕ್ಷಕರನ್ನೂ ಉದ್ದೇಶಿಸಿ ಮಾತಾಡಿ' ಎಂದರು. ಎದುರಿಗೆ ನೋಡಿದರೆ ಗುಂಡನೆಯ ಒಂದು ಗಾಜು. ಅದರ ಹೆಸರೇನು, ಅದರ ಮನೆ ಯಾವುದು? ಗುರುಶಾಂತವ್ವ ಗಾಜಿನ ಕಡೆಗೆ ಕೈ ಮುಗಿದರು. 'ನಮಸ್ಕಾರ್ರಿ' ಎಂದರು. ಮತ್ತೆ 'ನಮಸ್ಕಾರ್ರಿ' ಎಂದರು. ಹನ್ನೊಂದು ಸಲ ನಮಸ್ಕಾರವಾಯಿತೇ ಹೊರತು ಸ್ವಂತ ಹೆಸರು ಬಾಯಿಗೆ ಬರಲಿಲ್ಲ. ಆ ಕ್ಯಾಸೆಟ್ಟನ್ನು ಯಾರೋ ತಾಲೂಕಿನ ಸಭೆಯಲ್ಲಿ ಹಾಕಿ ತೋರಿಸಿದರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗುರುಶಾಂತವ್ವನವರೂ ಎಲ್ಲರೊಂದಿಗೆ ನಕ್ಕರು, ಮನೆಗೆ ಹೋಗಿ ಅತ್ತರು. ಫೋಟೋಗಳಲ್ಲಿ ಕೊಡೆ ಮಾತ್ರ ಉಳಿಯತೊಡಗಿದ್ದು ಆಮೇಲೆ.

೧೯೯೯ರಲ್ಲಿ ಅವರು ಸಿದ್ದಾಪುರ ತಾಲೂಕಿಗೆ ಬಂದರು. ೨೦೦೩ರ ಅಕ್ಟೋಬರಿನಲ್ಲಿ ಅವರ ವ್ಯಾಪ್ತಿಯ ಅತ್ತಿಕೊಪ್ಪ ಎಂಬ ಕೇರಿಯ ಹತ್ತಿರದ ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಅಂಥ ಕಾಡಿನ ಉಣುಗು ಹುಳ ಕಚ್ಚಿದರೆ ಬರುವ ಮಂಗನ ಕಾಯಿಲೆಯ ಜ್ವರ ಎಂಥದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಡಿಸೆಂಬರು ಬಂತೆಂದರೆ ಅತ್ತಿಕೊಪ್ಪದವರು ದರಕು, ಅಂದರೆ ಒಣಗಿದ ಎಲೆ, ಗುಡಿಸಿ ತರಲು ಅದೇ ಕಾಡಿಗೆ ಹೋಗಲೇಬೇಕು. ಅಷ್ಟರೊಳಗೆ ಒಂದು ತಿಂಗಳ ಅಂತರದಲ್ಲಿ ಎರಡು ಸೂಜಿ ಆಗಬೇಕು. ಒಂದೇ ಆದರೆ ನಂಬುವಂತಿಲ್ಲ.

ಮೊದಲ ಸೂಜಿಯ ದಿನ ಇಡೀ ಕೇರಿ ಬಂದಿತ್ತು. ಗುರುಶಾಂತವ್ವ ಎಲ್ಲ ಲಸಿಕೆಗೂ ಹೇಳುವ ಮಾತನ್ನೇ ಹೇಳಿದರು: 'ಇರುವಿ ಕಚ್ಚಿಧಂಗ ಅಷ್ಟ.' ಆ ಮಾತೇ ಎಡವಟ್ಟಾಯಿತು. ಈ ಸೂಜಿಯ ನೋವು ಅವರಿಗೂ ಹೊಸದು. ಎಲ್ಲರಿಗೂ ಹಾಕಿ ಕೊನೆಗೆ ಸಹೋದ್ಯೋಗಿ ಸೌಮ್ಯಳಿಂದ ತಾವೂ ಚುಚ್ಚಿಸಿಕೊಂಡ ಮೇಲೆ ಎರಡು ದಿನ ತಲೆ ಬಾಚಲು ಕೈ ಏಳಲಿಲ್ಲ. ಅತ್ತಿಕೊಪ್ಪದಲ್ಲಿ ತೋಳುಗಳು ಬಾತುಕೊಂಡವು, ಕೂಲಿ ತಪ್ಪಿತು, ಮುದುಕಿ ದುರ್ಗಮ್ಮನಂತೂ ಮೂರು ದಿನ ನರಳಿದಳು. 'ನರ್ಸಬಾಯಿ ನಮಗೆ ಸುಳ್ಳು ಹೇಳಿದ್ರು' ಎಂದು ಕೇರಿಯ ಹಿರಿಯನಾದ ಕೆರಿಯ ಎಂಬಾತ ಕಡ್ಡಿ ಮುರಿದಂತೆ ಹೇಳಿಬಿಟ್ಟ.

ನವೆಂಬರಿನಲ್ಲಿ ಎರಡನೆಯ ಸೂಜಿಗೆ ಮೂವತ್ತಾರು ಮಂದಿ ಬರಲಿಲ್ಲ. ಗುರುಶಾಂತವ್ವ ನಾಲ್ಕು ಸಲ ಹೋದರು. ನಾಲ್ಕು ಸಲವೂ ಬಾಗಿಲು ಮುಚ್ಚಿತ್ತು. ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು, ಹೊರಗೆ ನಾಯಿಗಳು ಮಾತ್ರ ಎಂದಿನಂತೆ ಬಾಲ ಆಡಿಸುತ್ತಿದ್ದವು. ಬಯ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹನ್ನೆರಡು ವರ್ಷದಲ್ಲಿ ಒಂದೂ ಮನೆ ಅವರಿಗೆ ಬಾಗಿಲು ಮುಚ್ಚಿರಲಿಲ್ಲ.

ಉಳಿದದ್ದು ಒಂದೇ ದಾರಿ. ಸಂಜೆ ಏಳೂವರೆಗೆ ಧಾರಾವಾಹಿ ನೋಡಲು ಅತ್ತಿಕೊಪ್ಪದವರೆಲ್ಲ ಕ್ರಾಸಿನ ಹೋಟೆಲಿನಲ್ಲಿ ಸೇರುತ್ತಿದ್ದರು. ಅಲ್ಲಿಗೆ ಕೇಬಲ್ ಎಳೆದವರು ಸಿದ್ದಾಪುರದ ವಿಘ್ನೇಶ್ವರ ಹೆಗಡೆಯವರು. ಧಾರಾವಾಹಿಗೆ ಮೊದಲು ಎರಡು ನಿಮಿಷ ಊರಿನ ಪ್ರಕಟಣೆ ತೋರಿಸುವುದು ಅವರ ಪದ್ಧತಿ. 'ನೀವು ಎದುರಿಗೆ ಹೋದರೆ ಎದ್ದು ಹೋಗುತ್ತಾರೆ. ಅವರು ನಿಮ್ಮ ಮಾತು ಕೇಳುವುದಾದರೆ ಆ ಟೀವಿಯಲ್ಲೇ ಕೇಳಬೇಕು' ಎಂದರು ಆರೋಗ್ಯ ಕೇಂದ್ರದ ಡಾಕ್ಟರು. ಗುರುಶಾಂತವ್ವ ತಮ್ಮ ಬದಲು ಸೌಮ್ಯ ಮಾತಾಡಲಿ ಎಂದು ನೋಡಿದರು. ಆದರೆ ಸುಳ್ಳು ಹೇಳಿದ್ದು ಸೌಮ್ಯ ಅಲ್ಲವಲ್ಲ!

ಹೆಗಡೆಯವರ ಅಂಗಡಿಯ ಹಿಂದಿನ ಕೋಣೆಯೇ ಸ್ಟುಡಿಯೋ. ಗೋಡೆಗೆ ಒಂದು ನೀಲಿ ಚಾದರ, ಮದುವೆಗೆ ಒಯ್ಯುವ ದೀಪ, ಮದುವೆಗೆ ಒಯ್ಯುವ ಕ್ಯಾಮೆರಾ. ಬರೆದುಕೊಟ್ಟ ಪ್ರಕಟಣೆಯನ್ನು ಗುರುಶಾಂತವ್ವ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ದೀಪ ಹತ್ತಿತು. 'ನಮಸ್ಕಾರ್ರಿ' ಎಂದರು. ಅಲ್ಲಿಗೆ ನಿಂತಿತು. ಎರಡನೆಯ ಸಲವೂ ಅಷ್ಟೇ, ಏಳನೆಯ ಸಲವೂ ಅಷ್ಟೇ. 'ಎಂತಕ್ಕೆ ಹೆದರ್ತೀರಿ ಬಾಯೋರೆ? ಇದು ಕಚ್ಚೂದಿಲ್ಲ' ಎಂದ ಹೆಗಡೆಯವರು, ಒಂಬತ್ತನೆಯ ಸಲಕ್ಕೆ ದೀಪ ಆರಿಸಿ ಒಳಗೆ ಹೆಂಡತಿಗೆ ಕೂಗಿ ಹೇಳಿದರು: 'ಸೀತಾ, ಇವತ್ತು ಆಗ್ತಿಲ್ಲೆ ಕಾಣ್ತು. ಬಾಯೋರಿಗೆ ಆಸರಿಗೆ ಎಂತಾದ್ರೂ ತಗಂಬಾ.'

ಸೀತಾ ಬೆಲ್ಲ ನೀರು ತಂದಿಟ್ಟು ಸುಮ್ಮನೆ ಹೋಗಲಿಲ್ಲ. 'ನಮ್ಮ ಮೇಧಾಂಗೆ ಮುಂದಿನ ಸೂಜಿ ಯಾವಾಗ ಬಾಯೋರೆ?' ಎಂದು ಮಗಳ ವಿಚಾರ ಕೇಳಿದರು. ಗುರುಶಾಂತವ್ವ ಚೀಲದಿಂದ ಕೆಂಪು ಪುಸ್ತಕ ತೆಗೆದರು, ಪುಟ ತಿರುಗಿಸಿದರು, ಬೆರಳಿಟ್ಟರು. ಮಾತು ಹರಿಯಿತು ನೋಡಿ! ಯಾವ ತಿಂಗಳು, ಯಾವ ತೋಳು, ಕಳೆದ ಸಲ ಹುಡುಗಿ ಎಷ್ಟು ಹೊತ್ತು ಅತ್ತಿದ್ದಳು, ಎಲ್ಲ. ನಡುವೆ ಅವರೇ ತಟ್ಟನೆ ಮಾತು ನಿಲ್ಲಿಸಿದರು. ತಮ್ಮ ಬೆರಳನ್ನೊಮ್ಮೆ ನೋಡಿದರು, ಕ್ಯಾಮೆರಾವನ್ನೊಮ್ಮೆ ನೋಡಿದರು.

'ಹೆಗಡೇರ, ದೀಪಾ ಹಚ್ಚರಿ. ಪುಸ್ತಕ ನನ್ನ ಕೈಯಾಗ ಇರ್ಲಿ.'

ಅತ್ತಿಕೊಪ್ಪದ ಪುಟ ತೆಗೆದು ಮೊದಲ ಹೆಸರಿನ ಮೇಲೆ ಬೆರಳಿಟ್ಟರು. ತಲೆಯೆತ್ತಿ ಆ ಗಾಜಿನೊಳಗೆ ಕೆರಿಯನನ್ನು ಹುಡುಕಿ ನೋಡಿದರು.

'ಕೆರಿಯಾ, ಚಾ ಕುಡಿಯಾಕತ್ತಿರಬೇಕು ನೀನು. ಕುಡಿ. ಇರುವಿ ಕಚ್ಚಿಧಂಗ ಅಂದಿದ್ದೆ ನಾ, ಅದು ಸುಳ್ಳಾತು. ತಿಳೀದ ಹೇಳಿದೆ, ತಪ್ಪು ನಂದು. ಎರಡನೇ ಸೂಜೀನೂ ನೋವಾಕ್ಕೈತಿ, ಎರಡು ದಿನ ಕೈ ಎತ್ತಾಕ ಬರಂಗಿಲ್ಲ. ಆದ್ರ ಆ ಜ್ವರ ಬಂದ್ರ ಕೈ ಎತ್ತಾಕ ನೀನ ಇರಂಗಿಲ್ಲಪ್ಪ, ಅದಕ್ಕ ಬಾ.'

ಬೆರಳು ಕೆಳಗಿಳಿಯಿತು. 'ದುರ್ಗಮ್ಮ, ನಿಮ್ಮ ತೋಳಿಗೆ ಬಿಸಿನೀರಿನ ಅರಿವಿ ನಾನ ಕಟ್ಟತೀನಿ, ಅಲ್ಲೇ ಕುಂದರತೀನಿ.' ಹೀಗೆ ಒಬ್ಬೊಬ್ಬರಿಗೂ ಒಂದೊಂದು ಮಾತು. ಹೆಗಡೆಯವರು ಗಡಿಯಾರ ತೋರಿಸಿದರು, ಕೈ ಸನ್ನೆ ಮಾಡಿದರು, ಕೊನೆಗೆ ಗಡಿಯಾರ ನೋಡುವುದನ್ನೇ ಬಿಟ್ಟರು. ಮೂವತ್ತಾರು ಹೆಸರು ಮುಗಿದರೂ ಬೆರಳು ಪುಟದಿಂದ ಏಳಲಿಲ್ಲ. ಗುರುಶಾಂತವ್ವ ಹೇಳಿದರು: 'ಮೂವತ್ತೇಳನೇದು. ಗುರುಶಾಂತವ್ವ. ನರ್ಸಬಾಯಿ. ನೋವಿಗೆ ಹೆದರಿ ಆಕೀನೂ ಎರಡನೇ ಸೂಜಿ ಹಾಕಿಸ್ಕೊಂಡಿಲ್ಲ. ನಾಳೆ ಮುಂಜಾನೆ ಎಲ್ಲಾರ ಮುಂದ ಹಾಕಿಸ್ಕೊಂತಾಳ. ನೋಡಾಕರ ಬರ್ರಿ.'

ಆ ಸಂಜೆ ಸಿದ್ದಾಪುರದ ಕೇಬಲ್ ಮನೆಗಳು ಧಾರಾವಾಹಿಯ ಮೊದಲ ಒಂಬತ್ತು ನಿಮಿಷವನ್ನು ಕಳೆದುಕೊಂಡವು. ಒಬ್ಬರೂ ದೂರು ಹೇಳಲಿಲ್ಲವೆಂದು ಹೆಗಡೆಯವರು ಇವತ್ತಿಗೂ ಹೇಳುತ್ತಾರೆ. ಕ್ರಾಸಿನ ಹೋಟೆಲಿನಲ್ಲಿ ತನ್ನ ಹೆಸರು ಬಂದಾಗ ಕೆರಿಯ ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಟೀವಿಯ ಕಡೆಗೆ 'ಹ್ಞೂಂ' ಎಂದನಂತೆ.

ಮರುದಿನ ಬೆಳಿಗ್ಗೆ ಆರೋಗ್ಯ ಉಪಕೇಂದ್ರದ ಬಾಗಿಲು ತೆಗೆಯುವ ಮೊದಲೇ ಅಂಗಳ ತುಂಬಿತ್ತು. ಕೆರಿಯ ಎದುರಿಗೇ ನಿಂತಿದ್ದ. 'ಮೊದ್ಲು ನಿಮ್ದು ಆಗ್ಲಿ ಬಾಯೋರೆ. ಕಾಣ್ವಾ' ಎಂದ. ಸೌಮ್ಯ ಸೂಜಿ ಹಾಕಿದಳು. ಗುರುಶಾಂತವ್ವ 'ಯವ್ವಾ!' ಎಂದು ಊರಿಗೇ ಕೇಳುವಂತೆ ಕೂಗಿದರು. ಅಂಗಳದಲ್ಲಿ ನಗುವೋ ನಗು. ಆಮೇಲೆ ಕೆರಿಯ ಅಂಗಿಯ ತೋಳು ಮಡಚಿ ಮುಂದೆ ಬಂದ. ಅವತ್ತು ಮೂವತ್ತೈದು ಮಂದಿಗೆ ಸೂಜಿಯಾಯಿತು. ಯಲ್ಲಾಪುರದ ನೆಂಟರ ಮನೆಗೆ ಹೋಗಿದ್ದ ಒಬ್ಬನನ್ನು ಆಮೇಲೆ ಅಲ್ಲಿಗೇ ಹುಡುಕಿಕೊಂಡು ಹೋಗಿ ಹಾಕಿಬಂದರು. ಆ ದಿನವಂತೂ, ಮಾತು ಕೊಟ್ಟಂತೆ, ದುರ್ಗಮ್ಮನ ತೋಳಿಗೆ ಬಿಸಿನೀರಿನ ಬಟ್ಟೆ ಕಟ್ಟಿ ಸಂಜೆಯವರೆಗೂ ಅಲ್ಲೇ ಕುಳಿತರು, ತಮ್ಮದೂ ಒಂದು ಕೈ ಏಳುತ್ತಿರಲಿಲ್ಲವಾದರೂ. ಆ ಬೇಸಿಗೆಯಲ್ಲಿ ಅತ್ತಿಕೊಪ್ಪದ ಒಬ್ಬರೂ ಆ ಜ್ವರಕ್ಕೆ ಹಾಸಿಗೆ ಹಿಡಿಯಲಿಲ್ಲ.

೨೦೦೫ರಲ್ಲಿ ಶಿರಸಿಗೆ ಬಂದ ಮೇಲೆ ಮತ್ತಿಘಟ್ಟದ ಕಡೆಯಲ್ಲಿ ಕೆಲಸ ಮಾಡುವಾಗಲೂ ಅವರು ಆಗಾಗ ಕೇಬಲ್ಲಿನಲ್ಲಿ ಕಾಣಿಸಿಕೊಂಡರು. ಪ್ರತಿ ಸಲವೂ ಮೊದಲ ಮಾತು ತಡವರಿಸುತ್ತದೆಂದು ಅವರೇ ಒಪ್ಪಿಕೊಳ್ಳುತ್ತಾರೆ; ಬೆರಳು ಹೆಸರಿನ ಮೇಲೆ ಕುಳಿತ ಮೇಲೆ ಸರಾಗವಾಗುತ್ತದಂತೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಮಾತಾಡಲು ಅಂಜಿದರೆ ಅವರು ಕೇಳುವ ಪ್ರಶ್ನೆ ಒಂದೇ: 'ಯಾರಿಗೆ ಹೇಳಾಕತ್ತೀ, ಅವರ ಹೆಸರು ಹೇಳು ಮೊದಲು.'

ಈ ಗ್ರಂಥದ ಮುಖಪುಟಕ್ಕೆಂದು ಕಳೆದ ತಿಂಗಳು ಅವರ ಚಿತ್ರ ತೆಗೆಯಲಾಯಿತು. ಕೊಡೆಯ ಮರೆಯಿಲ್ಲ, ಕಂಬದ ಮರೆಯಿಲ್ಲ, ನೇರ ನೋಟ. ನಿವೃತ್ತಿಯ ದಿನ ಕೆಂಪು ಪುಸ್ತಕವನ್ನು ಅವರು ಸೌಮ್ಯಳಿಗೆ ಒಪ್ಪಿಸಲಿದ್ದಾರೆ; ನಾಯಿಗಳ ಹೆಸರು ಸಮೇತ. ಅವರಿಗೆ ನೂರು ತುಂಬುವ ಆಯುಷ್ಯವಿರಲಿ, ಮಂಡಿನೋವಿಲ್ಲದ ಕಾಲುಗಳಿರಲಿ, ಮೂರು ತಾಲೂಕಿನಲ್ಲಿ ಅವರಿಗೆ ಮುಚ್ಚಿದ ಬಾಗಿಲು ಒಂದೂ ಇಲ್ಲದಿರಲಿ ಎಂದು ನಾವೆಲ್ಲ ಹಾರೈಸುತ್ತೇವೆ. ವಿಶ್ರಾಂತಿ ಸಿಗಲೆಂದು ಹಾರೈಸುವ ಧೈರ್ಯ ಮಾತ್ರ ನಮಗಿಲ್ಲ. ಏಕೆಂದರೆ ಆ ದಿನ ಚಿತ್ರ ತೆಗೆಯಲು ಬಂದಿದ್ದಾತ 'ಸ್ವಲ್ಪ ನಗಿ ಅಮ್ಮಾ' ಎಂದಾಗ, ಗುರುಶಾಂತವ್ವ ಕ್ಯಾಮೆರಾದೊಳಕ್ಕೆ ದಿಟ್ಟಿಸಿ ಕೇಳಿದರು: 'ನಗತೀನಿ, ತಡಿ. ನಿನ್ನ ಹೆಸರೇನಪ್ಪಾ? ನಿನ್ನ ಮನ್ಯಾಗ ಕೂಸಿಗೆ ಸೂಜಿ ಆಗೈತೇನು?'