ನೋಡಿಯೇ ಒತ್ತಿದ ಮೊಹರು

ದೆಹಲಿಯ ಲಕ್ಷ್ಮೀ ನಗರದಲ್ಲಿ ಜೆರಾಕ್ಸ್ ಅಂಗಡಿಯೊಂದರ ಪಕ್ಕದಲ್ಲಿ ನನ್ನ ನೋಟರಿ ಮೇಜಿತ್ತು. ಫರೀದಾಬಾದಿನಿಂದ ಒಬ್ಬ ಕನ್ನಡದ ಹುಡುಗಿ ಬಂದಳು. ಅವಳಿಗೆ ಮನೆಯಲ್ಲೇ ಕೂತು ಟೈಪಿಂಗ್ ಮಾಡುವ ಕೆಲಸ ಸಿಕ್ಕಿತ್ತು. ಅವಳ ಮುಖವನ್ನೇ ಕಾಣದ ದೂರದ ಕಂಪನಿ ನೋಟರಿ ಮಾಡಿಸಿದ ಅಂಕಪಟ್ಟಿ ಕೇಳಿತ್ತು. ತಂದಿದ್ದು ಬರೀ ಜೆರಾಕ್ಸ್.

“ಒರಿಜಿನಲ್ ಎಲ್ಲಿ?”

“ಮನೇಲಿದೆ ಮೇಡಂ. ಆಚೆ ಬೀದಿಯ ನೋಟರಿ ಒರಿಜಿನಲ್ ನೋಡದೇನೇ ಮೊಹರು ಹಾಕಿಕೊಡ್ತಾರಂತೆ.”

“ಹಾಗಾದ್ರೆ ಅಲ್ಲಿಗೇ ಹೋಗು.”

ಅಲ್ಲಿಗೆ ಹೋಗಲಿಲ್ಲ. ಮುಖ ಊದಿಸಿಕೊಂಡು ಮನೆಗೆ ಹೋದವಳು ಸಂಜೆ ಒರಿಜಿನಲ್ ತಂದಳು. ಅದರ ಹರಿದ ಮೂಲೆಯನ್ನೂ ರಿಜಿಸ್ಟರಿನಲ್ಲಿ ಬರೆದುಕೊಂಡೇ ಮೊಹರು ಒತ್ತಿದೆ.

ವಾರದ ಮೇಲೆ ಕಂಪನಿಯವರು ಫೋನ್ ಮಾಡಿ, ನಿಜವಾಗಿಯೂ ನೋಡಿದ್ದೀರಾ ಎಂದು ಕೇಳಿದರು. ರಿಜಿಸ್ಟರ್ ತೆಗೆದು ಹರಿದ ಮೂಲೆಯವರೆಗೆ ಎಲ್ಲವನ್ನೂ ಓದಿ ಹೇಳಿದೆ. ಅವಳ ಕೆಲಸ ಪಕ್ಕಾ ಆಯಿತು.

ಲಡ್ಡು ಹಿಡಿದು ಬಂದವಳು ನಗುತ್ತ ಹೇಳಿದಳು: “ಅವತ್ತು ದಾರಿಯುದ್ದಕ್ಕೂ ನಿಮ್ಮನ್ನ ಬೈಕೊಂಡೇ ಹೋದೆ ಮೇಡಂ.”

“ನನ್ನನ್ನ ಎಷ್ಟು ಬೇಕಾದ್ರೂ ಬೈಕೋ. ನನ್ನ ಮೊಹರನ್ನ ಯಾರೂ ಬೈಯೋ ಹಾಗಿಲ್ಲ.”