ಟಾರು ರಸ್ತೆಯ ಅಂಗಳ

ಅಣೆಕಟ್ಟೆ ಕೆಲಸದ ಜೀಪು ಓಡಿಸುತ್ತಿದ್ದ ಕಾಲದಲ್ಲಿ ಸಾಗರದ ಒಂದು ಬೀದಿಯಲ್ಲಿ ನನಗೆ ಬಾಡಿಗೆ ಕೋಣೆ. ಜೀಪನ್ನು ಎದುರುಮನೆಯ ಮುಂದೆ ನಿಲ್ಲಿಸುತ್ತಿದ್ದೆ. ಒಂದು ಬೆಳಿಗ್ಗೆ ಆ ಮನೆಗೆ ಹೊಸದಾಗಿ ಬಂದ ಹೆಂಗಸು ಸಗಣಿ ಬುಟ್ಟಿ ಹಿಡಿದು ಜೀಪಿನ ಎದುರು ನಿಂತಿದ್ದರು.

"ಇದನ್ನ ಆಚೆ ತೆಗಿ ಡ್ರೈವರಣ್ಣ, ಅಂಗಳ ಸಾರಿಸ್ಬೇಕು."

ನೋಡಿದರೆ, ಜೀಪಿನ ಸುತ್ತಲಿನ ಟಾರು ರಸ್ತೆಯನ್ನು ಆಗಲೇ ನುಣ್ಣಗೆ ಸಾರಿಸಿ ಆಗಿತ್ತು! ನನಗೆ ರೇಗಿತು.

"ಅಂಗಳ ಎಲ್ಲಿದೆ ಅಕ್ಕಾ? ಇದು ಸರ್ಕಾರದ ಜಾಗ" ಅಂದೆ.

"ನಮ್ಮೂರಲ್ಲಿ ನಮ್ದೇ ಅಂಗಳ ಇತ್ತು. ಅದನ್ನೂ ಸರ್ಕಾರದ್ದು ಅಂತ್ಲೇ ಮುಳುಗಿಸಿದ್ರು" ಅಂದರು, ದನಿ ಏರಿಸದೆ.

ಜೀಪು ಹತ್ತಿದೆ. ಅವರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: "ಲಿಂಗನಮಕ್ಕಿ ಕಡೆ ದಿನಾ ಹೋಗ್ತೀಯಲ್ಲ, ಬೇಸಿಗೇಲಿ ನೀರು ಇಳಿದಾಗ ನಮ್ಮನೆ ತುಳಸಿಕಟ್ಟೆ ಏನಾದ್ರೂ ಕಾಣ್ತದಾ?"

ಯಾವ ಊರು ಅಂತಲೂ ಕೇಳದೆ "ಕಾಣ್ತದೆ ಅಕ್ಕಾ" ಅಂದುಬಿಟ್ಟೆ.

ಮರುದಿನದಿಂದ ಜೀಪನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿದೆ. ನಮ್ಮ ಮನೆ ಮುಂದೆ ಬೇಡ ಅಂತ ಅಲ್ಲಿಯವರು ಜಗಳಕ್ಕೆ ಬಂದರು. ಸರ್ಕಾರದ ಜಾಗ ಅನ್ನುವುದಕ್ಕೆ ಬಾಯೇ ಬರಲಿಲ್ಲ. ಜೀಪು ಇನ್ನೊಂದು ಬೀದಿಗೆ ಹೋಯಿತು.