ಚಾದರದ ಆಚೆ ತುದಿ

ಚಾದರ ಮಡಚುವುದು ಇಬ್ಬರ ಕೆಲಸ. ಒಬ್ಬೊಬ್ಬರು ಎರಡೆರಡು ಮೂಲೆ ಹಿಡಿದು, ಜಾಡಿಸಿ, ಬಿಗಿಯಾಗಿ ಎಳೆದು, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಿ ಮತ್ತೆ ಹಿಂದೆ ಸರಿಯಬೇಕು. ಆಸ್ಪತ್ರೆಗಳ ಬಟ್ಟೆ ಒಗೆಯುವ ನಮ್ಮ ಲಾಂಡ್ರಿಯಲ್ಲಿ ಹನ್ನೊಂದು ವರ್ಷ ನನ್ನ ಆಚೆ ತುದಿ ಹಿಡಿದವಳು ಅವಳು. ಉದ್ದ ಕತ್ತು, ಉದ್ದ ಕಾಲು; ಎಲ್ಲರೂ ಕೊಕ್ಕರೆ ಅನ್ನುತ್ತಿದ್ದರು. ಅವಳು ತೀರಿಕೊಂಡು ಏಳು ವಾರವಾಯಿತು. ಈಗ ಬೇರೊಬ್ಬಳು ಹಿಡಿಯುತ್ತಾಳೆ, ಕೈ ಚುರುಕು. ನನಗೇ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಇಷ್ಟು ವರ್ಷ ಜೋಡಿಯಾಗಿ ಮಡಚಿದರೆ ಬಟ್ಟೆಯೇ ಎಲ್ಲ ಹೇಳಿಬಿಡುತ್ತದೆ. ಮನೆಯಲ್ಲಿ ಜಗಳವಾಗಿದ್ದರೆ ಅವಳು ಪಟಪಟನೆ ಜಾಡಿಸುತ್ತಿದ್ದಳು. ಮೂಟೆ ಹೊರುತ್ತಿದ್ದ ಗಂಡ ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದ ವಾರ ಚಾದರ ನಡುವೆ ಜೋತುಬೀಳುತ್ತಿತ್ತು. ಅದಾದ ಕೆಲವು ತಿಂಗಳಿಗೆ ಒಂದು ನಡುಕ ಶುರುವಾಯಿತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವಳ ಬೆರಳಿಂದ ಹೊರಟು, ಬಟ್ಟೆಯುದ್ದಕ್ಕೂ ಹರಿದು, ನನ್ನ ಬೆರಳಿಗೆ ಬರುತ್ತಿತ್ತು.

"ಏನೇ ಇದು?"

"ಮಷೀನು ಅದುರ್ತಿದೆ ಕಣೇ, ನಾನಲ್ಲ."

ಮಷೀನು ಎರಡು ಗೋಡೆ ಆಚೆಗಿತ್ತು.

ನಮ್ಮ ಊಟದ ಡಬ್ಬಿಗಳೆಲ್ಲ ಬಿಸಿನೀರಿನ ಕೊಳವೆಯ ಮೇಲಿನ ಕಟ್ಟೆಯಲ್ಲಿರುತ್ತಿದ್ದವು. ಅವಳದೂ ನನ್ನದೂ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡ ಸ್ಟೀಲ್ ಡಬ್ಬಿಗಳು. ಅವಳು ಎಲ್ಲರಿಗೂ ಬೆನ್ನು ಹಾಕಿ, ಕಿಟಕಿಯ ಕಡೆ ಮುಖ ಮಾಡಿ ಕೂತು ಉಣ್ಣುವಳು.

"ಏನೇ ಕೊಕ್ಕರೆ, ಡಬ್ಬೀಲಿ ಅಂಥದ್ದೇನು ಬಚ್ಚಿಟ್ಟಿದ್ದೀಯಾ?" ಎಂದು ಯಾರಾದರೂ ಕೆಣಕಿದರೆ, "ಮೀನು! ನೀನು ಬಂದ್ರೆ ಕೊಕ್ಕಲ್ಲಿ ಕುಕ್ತೀನಿ" ಎನ್ನುವಳು. ಎಲ್ಲರಿಗಿಂತ ಜೋರಾಗಿ ಅವಳೇ ನಗುವಳು.

ಒಂದು ದಿನ ಗಡಿಬಿಡಿಯಲ್ಲಿ ನಾನು ಅವಳ ಡಬ್ಬಿ ತೆಗೆದುಕೊಂಡೆ. ಮುಚ್ಚಳ ತೆರೆದರೆ ಒಳಗೆ ಒದ್ದೆ ಮಾಡಿದ ಕೈಬಟ್ಟೆ. ಎತ್ತಿದವರಿಗೆ ಭಾರ ಸಿಗಲಿ ಎಂದು. ಅದನ್ನೂ ಆಸ್ಪತ್ರೆಯ ಚಾದರದ ಹಾಗೆ, ಮೂಲೆಗೆ ಮೂಲೆ ಕೂಡಿಸಿ ಮಡಚಿದ್ದಳು.

ತಲೆ ಎತ್ತಿದರೆ ಎದುರಿಗೇ ನಿಂತಿದ್ದಳು.

"ಯಾರಿಗೂ ಹೇಳ್ಬೇಡ. ಮೇಸ್ತ್ರಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು."

ಅದು ಸುಳ್ಳಲ್ಲ. ಹಿಂದೆ ಇಸ್ತ್ರಿಯ ರೋಲರಿನ ಬಳಿ ಒಬ್ಬಳು ಹಸಿವಿಗೆ ತಲೆಸುತ್ತಿ ಬಿದ್ದಿದ್ದಳು. ಮರುದಿನ ಮೇಸ್ತ್ರಿ ಅವಳನ್ನು ಗೇಟಿನಲ್ಲೇ ತಡೆದ. "ಆ ಕಾದ ರೋಲರ್ ಮೇಲೆ ಬಿದ್ದಿದ್ರೆ ಯಾರಮ್ಮಾ ಜವಾಬ್ದಾರಿ? ಮನೆಗೆ ಹೋಗು" ಅಂದ. ಕೊಕ್ಕರೆಯ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ಮಲಗಿದ ಗಂಡ, ಇಬ್ಬರು ಹೆಣ್ಣುಮಕ್ಕಳು. ಬೆಳಿಗ್ಗೆ ಬೇಯಿಸಿದ್ದನ್ನು ಆ ಮೂವರಿಗೆ ಹಂಚಿ ಅವಳು ಒದ್ದೆ ಬಟ್ಟೆ ಹೊತ್ತು ಬರುತ್ತಿದ್ದಳು.

"ನಂದು ತಿನ್ನು" ಅಂದೆ.

"ಭಿಕ್ಷೆ ಹಾಕ್ತಿದ್ದೀಯೇನೇ?"

"ಇಲ್ಲ. ಡಬ್ಬಿ ಅದಲುಬದಲಾಗಿದೆ, ಅಷ್ಟೇ."

ಅಂದಿನಿಂದ ದಿನವೂ ಅದಲುಬದಲಾಯಿತು. ನಾನು ಬೆಳಿಗ್ಗೆ ಹೊಟ್ಟೆ ತುಂಬ ಉಂಡು, ಡಬ್ಬಿಗೆ ಅನ್ನವನ್ನೋ ಆಲೂಗಡ್ಡೆಯನ್ನೋ ಒತ್ತಿ ತುಂಬಿ ತರುತ್ತಿದ್ದೆ. ಅವಳು ಅದನ್ನೆತ್ತಿಕೊಂಡು ಹಿತ್ತಲಿಗೆ ಹೋಗುವಳು. "ನೀನು ನೋಡ್ತಾ ಕೂತ್ರೆ ಗಂಟಲಲ್ಲಿ ಇಳಿಯಲ್ಲ ಕಣೇ" ಎಂದಳು. ಅದೂ ಸರಿ ಅನ್ನಿಸಿತು. ಗಂಟೆ ಬಾರಿಸುವ ಮೊದಲು ತೊಳೆದ ಡಬ್ಬಿ ಕಟ್ಟೆಯ ಮೇಲೆ ಬಂದಿರುತ್ತಿತ್ತು. ಒಮ್ಮೆ, "ಉಪ್ಪು ಸ್ವಲ್ಪ ಜಾಸ್ತಿ ಹಾಕೇ ತಾಯಿ, ಸಪ್ಪೆ ಸಪ್ಪೆ" ಎಂದಳು. ನನಗೆ ಹಿಗ್ಗೋ ಹಿಗ್ಗು. ರುಚಿ ಹೇಳುವಷ್ಟಾದಳಲ್ಲ!

ನಡುಕವೂ ನಿಂತಿತು. ಚಾದರ ಗೋಡೆಯಂತೆ ನಿಲ್ಲುತ್ತಿತ್ತು. ಆದರೆ ನಮ್ಮ ಕಟ್ಟುಗಳಲ್ಲಿ ಒಂದು ಮೂಲೆ ಮಾತ್ರ ಸುಕ್ಕುಸುಕ್ಕು. ಮೇಸ್ತ್ರಿ ಎತ್ತಿ ತೋರಿಸಿದ. "ಏನಮ್ಮಾ ಇದು, ಹಸು ಅಗಿದ ಹಾಗಿದೆ?"

"ಇವಳದ್ದೇ ಅದು. ಉಂಡು ಸೊಕ್ಕು ಬಂದಿದೆ" ಎಂದು ನಾನೇ ನಗಾಡಿದೆ. ಅವಳೂ ನಕ್ಕಳು.

ಈ ಚಳಿಗಾಲದಲ್ಲಿ ಅವಳಿಗೆ ಮೊದಲು ಕೆಮ್ಮು, ಆಮೇಲೆ ಜ್ವರ. ಐದೇ ದಿನ. ಆಸ್ಪತ್ರೆಯಲ್ಲಿ ನಾವು ಮಡಚಿ ಕಳಿಸಿದ್ದ ಚಾದರದ ಮೇಲೆಯೇ ಮಲಗಿದ್ದಳೇನೋ. ಡಾಕ್ಟರು, "ಜ್ವರ ತಡ್ಕೊಳ್ಳೋಕೆ ಮೈಯಲ್ಲಿ ಕಸುವೇ ಇರ್ಲಿಲ್ಲ. ಸರಿಯಾಗಿ ಊಟ ಮಾಡಿ ಎಷ್ಟು ಕಾಲ ಆಗಿತ್ತೋ" ಎಂದರು. ನಾನು ಅವರ ಮೇಲೇ ರೇಗಿದೆ. "ಏನು ಮಾತಾಡ್ತಿದ್ದೀರಿ? ದಿನಾ ಮಧ್ಯಾಹ್ನ ಡಬ್ಬಿ ತುಂಬ ಉಣ್ತಿದ್ಲು. ನಾನೇ ಕೊಡ್ತಿದ್ದೆ." ಅವರು ಪಕ್ಕದ ಮಂಚಕ್ಕೆ ಹೋದರು.

ಮುಂದಿನ ವಾರ ಅದೇ ಡಬ್ಬಿ ತುಂಬಿಕೊಂಡು ಅವಳ ಮನೆಗೆ ಹೋದೆ. ಒಂದೇ ಕೋಣೆ, ಒಲೆಯ ಪಕ್ಕದಲ್ಲೇ ಗಂಡನ ಹಾಸಿಗೆ. ದೊಡ್ಡ ಮಗಳು ಒಂದು ತುತ್ತು ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಚಿಕ್ಕಮ್ಮಾ, ಲಾಂಡ್ರಿ ಅಡುಗೆ ಮಾಡ್ತಿದ್ದೋರು ನೀವಾ?"

"ಲಾಂಡ್ರೀಲಿ ಯಾವ ಅಡುಗೆ ಮಗಾ?"

"ಅಮ್ಮ ದಿನಾ ಸಂಜೆ ಕವರ್‌ನಲ್ಲಿ ಕಟ್ಕೊಂಡು ಬರ್ತಿದ್ರಲ್ಲ, ಅದು. ಅಲ್ಲಿ ಎಲ್ರಿಗೂ ಕೊಡ್ತಾರೆ, ನಂದು ಅಲ್ಲೇ ಆಯ್ತು, ಇದು ಮಿಕ್ಕಿದ್ದು ಅಂತಿದ್ರು. ಉಪ್ಪೇ ಇರ್ತಿರ್ಲಿಲ್ಲ. ಅಡುಗೆಯೋರಿಗೆ ಹೇಳಮ್ಮಾ ಅಂತ ತಂಗಿ ಜಗಳ ಆಡ್ತಿದ್ಲು."

ಆಗ ಎಲ್ಲವೂ ಒಟ್ಟಿಗೆ ಹೊಳೆಯಿತು. ಉಪ್ಪು, ಹಿತ್ತಲು, ಸುಕ್ಕುಗಟ್ಟಿದ ಮೂಲೆ. ಕೈ ನಡುಗುವುದು ನನಗೆ ತಿಳಿಯದಿರಲೆಂದು ಅವಳು ಚಾದರದ ಮೂಲೆಯನ್ನು ಮುಂಗೈಗೆ ಸುತ್ತಿ ಬಿಗಿದುಕೊಳ್ಳುತ್ತಿದ್ದಳು. ಮನೆಗೆ ಬಂದು ನಾನೂ ಹಾಗೇ ಸುತ್ತಿ ನೋಡಿದೆ. ಅದೇ ಸುಕ್ಕು. ಬಟ್ಟೆಯಲ್ಲೇ ಅವಳನ್ನು ಓದಬಲ್ಲೆ ಎಂದುಕೊಂಡಿದ್ದೆ. ಅವಳು ಬರೆದು ಕೊಟ್ಟಿದ್ದನ್ನಷ್ಟೇ ಓದುತ್ತಿದ್ದೆ.

ಹಿತ್ತಲಿಗೆ ಒಮ್ಮೆ, ಒಂದೇ ಒಂದು ಸಲ, ಅವಳ ಹಿಂದೆ ಹೋಗಿದ್ದರೆ ಸಾಕಿತ್ತು. ಇದನ್ನು ದಿನಕ್ಕೆ ಎಷ್ಟು ಸಲ ಅಂದುಕೊಳ್ಳುತ್ತೇನೋ.

ಈಗ ಕೆಲಸಕ್ಕೆ ಮೊದಲು ದಿನವೂ ಅವರ ಮನೆಗೆ ಹೋಗುತ್ತೇನೆ, ದೊಡ್ಡ ಡಬ್ಬಿಯೊಂದಿಗೆ. ಇವತ್ತು ತಡವಾಗಿತ್ತು. ದೊಡ್ಡವಳು ಅಪ್ಪನಿಗೆ, ತಂಗಿಗೆ ಬಡಿಸಿ ಡಬ್ಬಿ ಮುಚ್ಚಿದಳು.

"ನಿನ್ನ ತಟ್ಟೆ?"

"ನಂದು ಆಗಲೇ ಆಯ್ತು ಚಿಕ್ಕಮ್ಮಾ. ನೀವು ಹೊರಡಿ, ಹೊತ್ತಾಗುತ್ತೆ."

ಅದೇ ಕತ್ತು. ಅದೇ ನಗು. ದೂರದಲ್ಲಿ ಲಾಂಡ್ರಿಯ ಗಂಟೆ ಬಾರಿಸಿತು. ಮೇಸ್ತ್ರಿ ಗೇಟು ಹಾಕಿಸುವ ಹೊತ್ತು.

ನಾನು ಚಪ್ಪಲಿ ಬಿಟ್ಟು ಒಳಗೆ ಬಂದು ಅವಳ ಎದುರಿಗೆ ನೆಲದ ಮೇಲೆ ಕೂತೆ. "ತಟ್ಟೆ ತಗೋ. ನಾನು ನೋಡ್ಬೇಕು."

"ನೀವು ನೋಡ್ತಾ ಕೂತ್ರೆ ಗಂಟಲಲ್ಲಿ ಇಳಿಯಲ್ಲ."

"ಇಳಿಯೋವರೆಗೂ ಕೂತಿರ್ತೀನಿ" ಎಂದೆ.